ನಿಶ್ಚಿತಾರ್ಥದ ಉಂಗುರ ಮತ್ತು ಇಂಗಾಲದ ಹರಳು

ನಿಶ್ಚಿತಾರ್ಥದಲ್ಲಿ ವಜ್ರದುಂಗುರ ತೊಡಿಸುವ ಪದ್ಧತಿ ನಮ್ಮ ನಾಡಿಗೆ ಹಳೆಯದಲ್ಲ. ತಾಂಬೂಲ ಬದಲಾಯಿಸಿಕೊಂಡು ಲಗ್ನಪತ್ರಿಕೆಯನ್ನು ಓದಿಸಿದರೆ ನಮ್ಮ ಹಿರಿಯರಿಗೆ ಮಾತು ಸ್ಥಿರವಾದಂತೆಯೇ ಸರಿ. ಈಗಲಾದರೋ ವಧೂವರರು ಪರಸ್ಪರ ಉಂಗುರ ತೊಡಿಸದ ನಿಶ್ಚಿತಾರ್ಥ ಪಟ್ಟಣಗಳಲ್ಲಿ ಅಪೂರ್ವವಾಗುತ್ತಿದೆ. ಉಂಗುರದ ಮೇಲೆ ವಜ್ರವೇ ಇರಬೇಕೆಂಬ ಆಗ್ರಹವೂ ಬೆಳೆಯುತ್ತಿದೆ. ನಮ್ಮ ತರಗತಿಗಳಲ್ಲಿ ಕುಳಿತಿರುವವರಲ್ಲಿ ಬಹುಮಂದಿ ಇನ್ನು ಕೆಲವೇ ವರ್ಷಗಳಲ್ಲಿ, ಸಂಬಳದ ಉಳಿತಾಯವನ್ನೋ ಸಾಲದ ಹಣವನ್ನೋ ಹಿಡಿದು, ಆಭರಣದಂಗಡಿಯಲ್ಲಿ ನಿಲ್ಲುವವರೇ. ಗಣಿಯ ವಜ್ರ ಬೇಕೋ, ಕಾರ್ಖಾನೆಯಲ್ಲಿ ಬೆಳೆಸಿದ ವಜ್ರ ಸಾಕೋ ಎಂಬ ಪ್ರಶ್ನೆ ಅಲ್ಲಿ ಎದುರಾಗುತ್ತದೆ. ಆ ‘ಸಾಕೋ’ ಎಂಬ ಮಾತಿನಲ್ಲಿ ಅಡಗಿರುವ ತಾತ್ಸಾರಕ್ಕೆ ಆಧಾರವಿಲ್ಲವೆಂಬುದೇ ನಮ್ಮ ಮತ. ನಮ್ಮನ್ನು ಕೇಳಿದರೆ ಬೆಳೆಸಿದ ವಜ್ರವನ್ನೇ ಕೊಳ್ಳಿರೆಂದು ಹೇಳುತ್ತೇವೆ.

ವಜ್ರವೆಂದರೆ ಇಂಗಾಲ. ಲವಾಸಿಯೇ 1772ರಲ್ಲಿ ಭೂತಗನ್ನಡಿಯಿಂದ ಸೂರ್ಯಕಿರಣಗಳನ್ನು ಕೂಡಿಸಿ ವಜ್ರವನ್ನು ಸುಟ್ಟನು. ಸ್ಮಿತ್‌ಸನ್ ಟೆನಂಟ್ 1797ರಲ್ಲಿ ಅದು ಇಂಗಾಲವಲ್ಲದೆ ಬೇರೇನೂ ಅಲ್ಲವೆಂದು ತೋರಿಸಿದನು. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಅಷ್ಟರಲ್ಲಿ 1ರ ಮುಂದೆ 22 ಸೊನ್ನೆ ಇಟ್ಟಷ್ಟು ಪರಮಾಣುಗಳು; ಒಂದೊಂದೂ ತನ್ನ ನಾಲ್ಕು ನೆರೆಯವರ ಕೈ ಹಿಡಿದು ನಿಂತಿದೆ. ಗಣಿಯ ವಜ್ರಗಳಲ್ಲಿ ಹೆಚ್ಚಿನವು ನೆಲದಿಂದ ಸುಮಾರು 150 ಕಿಲೋಮೀಟರ್ ಅಥವಾ ಇನ್ನೂ ಹೆಚ್ಚು ಆಳದಲ್ಲಿ ಹುಟ್ಟಿ, ಜ್ವಾಲಾಮುಖಿಗಳ ಕೊಳವೆಗಳ ಮೂಲಕ ಮೇಲೆ ಬಂದಂಥವು. ಅಲ್ಲಿಯ ಒತ್ತಡವನ್ನೂ ಉಷ್ಣತೆಯನ್ನೂ ಯಂತ್ರದಲ್ಲಿ ಉಂಟುಮಾಡಿ, 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಟ್ರೇಸಿ ಹಾಲ್ ಎಂಬ ವಿಜ್ಞಾನಿ ವಜ್ರದ ಕಣಗಳನ್ನು ಪಡೆದನು. ವಾಯುಮಂಡಲದ ಒತ್ತಡದ 50,000 ಪಟ್ಟಿಗೂ ಮಿಕ್ಕ ಒತ್ತಡ, 1400 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಉಷ್ಣತೆ—ಇದು ಇಂದಿಗೂ ನಡೆದಿರುವ ಒಂದು ವಿಧಾನ. ಇನ್ನೊಂದರಲ್ಲಿ ಅಷ್ಟು ಒತ್ತಡವೇ ಬೇಡ. ಮೀಥೇನ್ ಮತ್ತು ಜಲಜನಕಗಳನ್ನು ವಿರಳವಾಗಿ ತುಂಬಿದ ಕೋಣೆಯಲ್ಲಿ, ಪ್ಲಾಸ್ಮಾದ ಕಾವಿನಲ್ಲಿ, ತೆಳುವಾದ ವಜ್ರದ ಬಿಲ್ಲೆಯ ಮೇಲೆ ಇಂಗಾಲ ಪದರ ಪದರವಾಗಿ ಕೂಡಿಕೊಂಡು ಕೆಲವು ವಾರಗಳಲ್ಲಿ ಹರಳು ಬೆಳೆಯುತ್ತದೆ.

ಇವುಗಳಲ್ಲಿ ಯಾವುದು ವಜ್ರ, ಯಾವುದು ಅಲ್ಲ? ಬೆಂಗಳೂರಿನಲ್ಲಿದ್ದಾಗ ಸಿ. ವಿ. ರಾಮನ್ ಅವರು ಅಕ್ಕರೆಯಿಂದ ವಜ್ರಗಳನ್ನು ಸಂಗ್ರಹಿಸಿ ಅವುಗಳ ವಿಚಾರವಾಗಿ ಅನೇಕ ಪ್ರಬಂಧಗಳನ್ನು ಬರೆದರು. ಅವರ ಹೆಸರಿನ ಪರಿಣಾಮವನ್ನೇ ಸಾಕ್ಷಿಗೆ ಕರೆಯೋಣ. ವಜ್ರದ ಮೇಲೆ ಏಕವರ್ಣದ ಬೆಳಕನ್ನು ಹಾಯಿಸಿದರೆ, ಚದರಿದ ಬೆಳಕಿನಲ್ಲಿ ಸೆಂಟಿಮೀಟರಿಗೆ 1332 ತರಂಗಗಳಷ್ಟು ಸರಿದ ಒಂದು ರೇಖೆ ಕಾಣುತ್ತದೆ. ಗಣಿಯದರಲ್ಲೂ ಅದೇ ರೇಖೆ, ಬೆಳೆಸಿದ್ದರಲ್ಲೂ ಅದೇ. ವಜ್ರದಂತೆ ಮಿನುಗುವ ಜಿರ್ಕೋನಿಯಾ ಹರಳಿನಲ್ಲಿ ಆ ರೇಖೆಯಿಲ್ಲ, ಏಕೆಂದರೆ ಅದು ಇಂಗಾಲವೇ ಅಲ್ಲ. ಅದನ್ನು ವಜ್ರವೆಂದು ಮಾರಿದರೆ ಮೋಸ; ಬೆಳೆಸಿದ ವಜ್ರವನ್ನು ‘ನಕಲಿ’ ಎನ್ನುವುದು ಅಜ್ಞಾನ. ಗಣಿಯ ವಜ್ರಕ್ಕೂ ಬೆಳೆಸಿದ್ದಕ್ಕೂ ಅಂತರವೇ ಇಲ್ಲವೆಂದಲ್ಲ. ಗಣಿಯ ವಜ್ರಗಳಲ್ಲಿ ಬಹುಪಾಲಿನಲ್ಲಿ ಸಾರಜನಕದ ಪರಮಾಣುಗಳು ಯುಗಯುಗಗಳ ಕಾವಿನಲ್ಲಿ ಚಲಿಸಿ ಗುಂಪುಗೂಡಿರುತ್ತವೆ. ಅನಿಲದಿಂದ ಬೆಳೆಸಿದವುಗಳಲ್ಲಿ ಅನೇಕ ವೇಳೆ ಸಿಲಿಕಾನಿನ ಸುಳಿವು ಸಿಗುತ್ತದೆ. ಪ್ರಯೋಗಶಾಲೆಯ ಉಪಕರಣಗಳಿಗೆ ಇವು ಗೋಚರ. ಉಂಗುರ ತೊಡುವವಳ ಕಣ್ಣಿಗಾಗಲಿ, ಬೀಗರ ಕಣ್ಣಿಗಾಗಲಿ ಅಲ್ಲ.

ಗಣಿಯ ವಜ್ರ ನೂರಾರು ಕೋಟಿ ವರ್ಷ ಹಳೆಯದು, ಆದುದರಿಂದಲೇ ಅದು ಅಮೂಲ್ಯವೆಂದು ವಾದಿಸುವವರುಂಟು. ಪ್ರಾಚೀನತೆಯೇ ಬೆಲೆಯಾದರೆ ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಪ್ರವೇಶದ ಚೀಟಿ ಕೊಂಡವರೆಲ್ಲರೂ ಅದರ ಮೇಲೆ ಕುಳಿತು ಕಡಲೆಕಾಯಿ ತಿನ್ನಬಹುದು. ವಜ್ರ ಶಾಶ್ವತವೆಂಬ ಮಾತೂ ಭೌತಶಾಸ್ತ್ರದ್ದಲ್ಲ. ಡಿ ಬೀರ್ಸ್ ಸಂಸ್ಥೆಯ ಜಾಹೀರಾತಿಗಾಗಿ 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಎಂಬಾಕೆ ಬರೆದದ್ದು ಅದು. ನಾವು ಬದುಕಿರುವ ಒತ್ತಡದಲ್ಲಿ ಇಂಗಾಲದ ಸ್ಥಿರ ರೂಪ ವಜ್ರವಲ್ಲ, ಪೆನ್ಸಿಲಿನ ಗ್ರಾಫೈಟ್! ವಜ್ರ ಆ ಕಡೆಗೆ ಜಾರದಿರುವುದು ಪರಮಾಣುಗಳು ಕೈ ಬಿಡಿಸಿಕೊಳ್ಳಲಾರದಷ್ಟು ಬಿಗಿಯಾಗಿರುವುದರಿಂದ. ಇನ್ನು ವಜ್ರ ಎಲ್ಲರಿಗೂ ‘ಆಗಿಬರುವುದಿಲ್ಲ’ವೆಂದು ನಾಲ್ಕು ದಿನ ಮನೆಯಲ್ಲಿಟ್ಟು ಪರೀಕ್ಷಿಸುವವರಿಗೆ ನಾವು ಹೇಳುವುದೇನೂ ಇಲ್ಲ, ಪೆನ್ಸಿಲ್ ಆಗಿಬಂದವರಿಗೆ ವಜ್ರವೂ ಆಗಿಬಂದೀತು.

ನಮ್ಮ ಪಕ್ಷದ ದುರ್ಬಲ ಅಂಶಗಳನ್ನೂ ಮುಚ್ಚಿಡಲಾಗದು. ಬೆಳೆಸಿದ ವಜ್ರದ ಬೆಲೆ ವರ್ಷಗಳಿಂದ ಕುಸಿಯುತ್ತ ಬಂದಿದೆ. ಡಿ ಬೀರ್ಸ್ ಸಂಸ್ಥೆಯೇ 2018ರಲ್ಲಿ ಅಂಥ ವಜ್ರಗಳನ್ನು ಕ್ಯಾರಟ್ಟಿಗೆ 800 ಡಾಲರಿನಂತೆ ಮಾರಲು ತೊಡಗಿ, 2025ರಲ್ಲಿ ಆ ವ್ಯವಹಾರವನ್ನು ಮುಚ್ಚುವುದಾಗಿ ಸಾರಿತು. ಮರಳಿ ಮಾರಹೊರಟರೆ ಅದಕ್ಕೆ ಬರುವುದು ಅತ್ಯಲ್ಪ. ಗಣಿಯ ವಜ್ರವೂ ಕೊಂಡ ಬೆಲೆಗೆ ಮರಳುವುದು ವಿರಳವೇ. ಆದುದರಿಂದ ಕಷ್ಟಕಾಲಕ್ಕೆ ಒದಗುವ ಆಸ್ತಿ ಬೇಕೆನ್ನುವವರು ಚಿನ್ನವನ್ನು ಕೊಳ್ಳಲಿ, ವಜ್ರವನ್ನಲ್ಲ. ಪ್ಲಾಸ್ಮಾ ಉರಿಯಲು ವಿದ್ಯುಚ್ಛಕ್ತಿಯೂ ಧಾರಾಳವಾಗಿ ಬೇಕು; ಅದು ಕಲ್ಲಿದ್ದಲಿನಿಂದ ಬಂದುದಾದರೆ ಪರಿಸರದ ಹೆಸರಿನಲ್ಲಿ ಮಾಡುವ ಪ್ರಚಾರ ಅರ್ಧ ಸತ್ಯ. ವಜ್ರಕ್ಕೆ ಸಾಣೆ ಹಿಡಿಯುವವರ ಅನ್ನಕ್ಕೆ ಕುತ್ತೆಂಬ ಆಕ್ಷೇಪಣೆಗೆ ಮಾತ್ರ ಉತ್ತರ ಸುಲಭ: ಗಣಿಯದಕ್ಕೂ ಬೆಳೆಸಿದ್ದಕ್ಕೂ ಸಾಣೆ ಬೇಕು, ಎರಡೂ ಸೂರತ್ತಿಗೆ ಬರುತ್ತವೆ.

ಕೊಳ್ಳುವಾಗ ತೂಕಕ್ಕೆ ಮರುಳಾಗಬಾರದು. ಒಂದು ಕ್ಯಾರಟ್ಟಿನ ದುಂಡು ವಜ್ರದ ವ್ಯಾಸ ಸುಮಾರು 6½ ಮಿಲಿಮೀಟರ್. ಎರಡು ಕ್ಯಾರಟ್ಟಿನದು 13 ಅಲ್ಲ, 8ಕ್ಕಿಂತ ತುಸು ಹೆಚ್ಚು. ತೂಕ ವ್ಯಾಸದ ಘನವನ್ನು ಅನುಸರಿಸುತ್ತದೆಂದು ಪ್ರೌಢಶಾಲೆಯ ಹುಡುಗಿಯೂ ಲೆಕ್ಕ ಹಾಕಬಲ್ಲಳು, ಆದರೆ ಅಂಗಡಿಯಲ್ಲಿ ಯಾರೂ ಹಾಕುವುದಿಲ್ಲ. ವಜ್ರದ ಹೊಳಪು ಅದರ ಮುಖಗಳನ್ನು ಕಡೆದ ಕೋನಗಳಲ್ಲಿದೆ. ಅದರ ವಕ್ರೀಭವನಾಂಕ 2.42. ಒಳಗಿನ ಕಿರಣವು ಮುಖದ ಲಂಬದೊಡನೆ 24½ ಡಿಗ್ರಿಗೂ ಮಿಕ್ಕ ಕೋನ ಮಾಡಿದರೆ ಹೊರಬೀಳಲಾರದೆ ಪೂರ್ತಿಯಾಗಿ ಪ್ರತಿಫಲಿಸುತ್ತದೆ. ಹರಳಿನ ತಳ ತೀರ ಆಳವಾದರೂ ತೀರ ಚಪ್ಪಟೆಯಾದರೂ ಬೆಳಕು ಕೆಳಗಿನಿಂದ ಸೋರಿಹೋಗುತ್ತದೆ. ಹದವಾದ ಕೋನಗಳನ್ನು ಮಾರ್ಸೆಲ್ ಟಾಲ್ಕೌಸ್ಕಿ 1919ರಲ್ಲಿಯೇ ಗಣಿತದಿಂದ ಕಂಡುಹಿಡಿದಿದ್ದಾನೆ. ಚೆನ್ನಾಗಿ ಕಡೆದ ಅರ್ಧ ಕ್ಯಾರಟ್, ಕೆಟ್ಟದಾಗಿ ಕಡೆದ ಒಂದು ಕ್ಯಾರಟ್ಟಿಗಿಂತ ಲೇಸು. ಉಂಗುರಕ್ಕೆ 22 ಕ್ಯಾರಟ್ಟಿನ ಚಿನ್ನವೇ ಆಗಬೇಕೆಂದು ಹಿರಿಯರು ಹಟ ಹಿಡಿಯುವುದುಂಟು. ಹರಳನ್ನು ಹಿಡಿದಿರುವ ಕೊಕ್ಕೆಗಳಿಗೆ ಅದು ಮೆದುವಾಯಿತು, 18 ಕ್ಯಾರಟ್ ಲೇಸು.

ನಾವು ಪಟ್ಟು ಬಿಡದಿರುವ ಮಾತು ಒಂದೇ: ಬೆಳೆಸಿದ್ದನ್ನು ಬೆಳೆಸಿದ್ದೆಂದೇ ಹೇಳಬೇಕು. ಅಮೆರಿಕದ ವಾಣಿಜ್ಯ ಆಯೋಗ 2018ರಲ್ಲಿ ವಜ್ರದ ವ್ಯಾಖ್ಯೆಯಿಂದ ‘ನೈಸರ್ಗಿಕ’ ಎಂಬ ಪದವನ್ನು ತೆಗೆದುಹಾಕಿತಾದರೂ, ಬೆಳೆಸಿದ್ದೆಂಬುದನ್ನು ಮಾರುವವನು ತಿಳಿಸಲೇಬೇಕೆಂಬ ನಿಯಮವನ್ನು ಉಳಿಸಿಕೊಂಡಿತು. ಈ ನಿಯಮ ವರನಿಗೂ ಅನ್ವಯಿಸುತ್ತದೆ. ಬೀಗರ ಎದುರು ತಲೆತಗ್ಗೀತೆಂದು ಗಣಿಯದೆಂದು ಸುಳ್ಳಾಡಿ ತೊಡಿಸಿದ ಉಂಗುರವನ್ನು, ಮುಂದೊಂದು ದಿನ ಆಕೆಯೇ ಬೆಲೆ ಕಟ್ಟಿಸಲು ಒಯ್ದರೆ ಏನಾದೀತೆಂದು ಯೋಚಿಸಬೇಕು. ಪ್ರಮಾಣಪತ್ರವಿರುವ ವಜ್ರಗಳಲ್ಲಿ ಅನೇಕವುಗಳ ನಡುವಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯಿರುತ್ತದೆ. ಅಂಗಡಿಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು ಕೇಳಿ ಪಡೆದು, ಇಬ್ಬರೂ ಕೂಡಿ ಆ ಸಂಖ್ಯೆಯನ್ನು ಓದಿ, ಪತ್ರದೊಡನೆ ಹೋಲಿಸಿ ನೋಡಿ, ಆಮೇಲೆ ಹಣ ಎಣಿಸಲಿ.