ಕೊಲ್ಲುವ ಮುನ್ನ ಗುರುತಿಸಬೇಕು

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹರಳು ಗಿಡದ ಎಲೆಯನ್ನು ಕೊಂಡಲಿ ಹುಳು ತಿಂದು ಜಾಲರಿಯಂತಾಗಿಸುತ್ತದೆ. ಕೆಲವು ಹುಳುಗಳ ಹಿಂಭಾಗದ ಅಡಿಯಲ್ಲಿ ಪುಟ್ಟ ಗೂಡೊಂದು ಅಂಟಿಕೊಂಡಿರುವುದುಂಟು. ಹುಳು ಮೊಟ್ಟೆಯಿಟ್ಟಿದೆಯೆಂದು ಭಾವಿಸಿ ಅದನ್ನು ಹೊಸಕಿಹಾಕಿದರೆ ಆಗುವ ನಷ್ಟ ಬೆಳೆಗಾರನದೇ. ಕಂಬಳಿಹುಳು ಎಂದೂ ಮೊಟ್ಟೆಯಿಡುವುದಿಲ್ಲ. ಮೊಟ್ಟೆಯಿಡುವುದು ಅದು ಬೆಳೆದು ಆಗುವ ಪತಂಗ. ಆ ಗೂಡು ಹುಳುವಿನ ಒಡಲನ್ನು ಒಳಗಿನಿಂದಲೇ ತಿಂದು ಹೊರಬಂದ ಪರತಂತ್ರಜೀವಿ ಕಣಜದ್ದು. ಹಳೆಯ ಗ್ರಂಥಗಳಲ್ಲಿ ಮೈಕ್ರೋಪ್ಲೈಟಿಸ್ ಮ್ಯಾಕ್ಯುಲಿಪೆನ್ನಿಸ್ ಎಂದೂ ಈಗ ಸ್ನೆಲ್ಲೀನಿಯಸ್ ಮ್ಯಾಕ್ಯುಲಿಪೆನ್ನಿಸ್ ಎಂದೂ ಕರೆಯಲ್ಪಡುವ ಕಣಜವದು.

ಇಂತಹ ಕಣಜಗಳನ್ನು ಗುರುತಿಸುವುದು ಸುಲಭವಲ್ಲ. ಬಹುಪಾಲು ಕಣಜಗಳ ಉದ್ದ ಕೆಲವೇ ಮಿಲಿಮೀಟರು. ರೆಕ್ಕೆಯ ನರಗಳ ವಿನ್ಯಾಸ, ಮೀಸೆಯ ಗಣ್ಣುಗಳ ಸಂಖ್ಯೆ, ಗೂಡಿನ ಬಣ್ಣ, ಆಶ್ರಯ ನೀಡಿದ ಹುಳು, ಆ ಹುಳು ತಿಂದ ಗಿಡ, ಇವೆಲ್ಲವನ್ನೂ ಸೂಕ್ಷ್ಮವಾಗಿ ನೋಡಬೇಕು; ಅನೇಕ ವೇಳೆ ಡಿಎನ್‌ಎ ಪರೀಕ್ಷೆಯೂ ಬೇಕಾಗುತ್ತದೆ. ಗೂಡಿನಿಂದ ಹೊರಬಂದ ಕಣಜವೇ ಹುಳುವನ್ನು ಕೊಂದದ್ದೆಂದು ಹೇಳುವಂತೆಯೂ ಇಲ್ಲ. ಕಣಜದ ಮೇಲೆಯೇ ಬದುಕುವ ಮತ್ತೊಂದು ಕಣಜವೂ ಅದಾಗಿರಬಹುದು. ಮಿತ್ರನಾರು, ಮಿತ್ರನ ಶತ್ರುವಾರು ಎಂಬುದು ಗುರುತಿಸಿದ ಬಳಿಕವಷ್ಟೇ ತಿಳಿಯುವ ಸಂಗತಿ.

ಗುರುತಿನ ಬೆಲೆ ಕೋಲಾರ ಸೀಮೆಯ ರೇಷ್ಮೆ ಬೆಳೆಗಾರರಿಗೆ ಹೊಸತೇನಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಆಕಸ್ಮಿಕವಾಗಿ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನು ಹಾಳುಗೆಡವಿತು. ಅದರ ಹತೋಟಿಗೆ ನೆರವಾದ ಜೀವಿಗಳಲ್ಲಿ ಊಜಿಯ ಕೋಶದೊಳಗೆ ಮೊಟ್ಟೆಯಿಡುವ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವೂ ಒಂದು. ರೇಷ್ಮೆ ಮನೆಯಲ್ಲಿ ಹುಳುವನ್ನು ಕೊಲ್ಲುವ ನೊಣ ವೈರಿ. ಆ ನೊಣವನ್ನು ಕೊಲ್ಲುವ ಕಣಜ ಬಂಧು. ಕೀಟನಾಶಕಕ್ಕೆ ಈ ಭೇದ ತಿಳಿಯದು. ಟೊಮ್ಯಾಟೊ ತೋಟಕ್ಕೆ ಸಿಂಪಡಿಸಿದ ವಿಷ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆ ಹುಳುವೂ ಉಳಿಯದು.

ಸಿಂಪಡಣೆಯಿಂದ ಬರಿದಾದ ಹೊಲಗಳಿಗೆ ಕಣಜಗಳು ಮರಳಿ ಬರಬೇಕಾದರೆ ಅವುಗಳಿಗೆ ಹೊರಗೆಲ್ಲಾದರೂ ನೆಲೆಯಿರಬೇಕು. ಕೋಲಾರದ ಅಂತರಗಂಗೆ, ಮಾಲೂರಿನ ಟೇಕಲ್, ಮುಳಬಾಗಿಲಿನ ಆವನಿ ಹಾಗೂ ಕುರುಡುಮಲೆ, ಶ್ರೀನಿವಾಸಪುರದ ರಾಯಲ್ಪಾಡು ಕಡೆಯ ಬೆಟ್ಟಗಳು ಅಂತಹ ನೆಲೆಯಾಗಬಲ್ಲವು. ಬೆಳೆಯಿಲ್ಲದ ತಿಂಗಳುಗಳಲ್ಲಿ ಕಣಜಗಳಿಗೆ ಬೇಕಾದ ಹೂವಿನ ಮಕರಂದ ಮತ್ತು ಕಾಡುಹುಳುಗಳು ದೊರೆಯುವುದು ಇಂತಹ ಕುರುಚಲು ಕಾಡಿನಲ್ಲಿಯೇ. ಬೇಸಿಗೆಯ ಕಾಡುಕಿಚ್ಚು ಮತ್ತು ಕಲ್ಲುಗಣಿಗಾರಿಕೆ ನಾಶಮಾಡುವುದು ಬರಿಯ ಪೊದೆಯನ್ನಲ್ಲ. ಕೆಳಗಿನ ಹೊಲದ ಕಾವಲನ್ನೂ ಹೌದು.

2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು, ಜನತಾ ದಾಖಲಾತಿಯೂ ಇರಬೇಕು. ಆ ದಾಖಲಾತಿಯಲ್ಲಿ ಮರ, ಮೂಲಿಕೆ, ಹಕ್ಕಿಗಳಿಗೆ ದೊರೆಯುವ ಸ್ಥಾನ ಕೀಟಗಳಿಗೂ ದೊರೆಯಬೇಕು. ಇದಕ್ಕೆ ದೊಡ್ಡ ಉಪಕರಣಗಳೇನೂ ಬೇಡ. ಹುಳುವನ್ನು ಅದು ತಿನ್ನುತ್ತಿದ್ದ ಸೊಪ್ಪಿನೊಂದಿಗೆ ಗಾಜಿನ ಸೀಸೆಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನಾಂಕ, ಊರು ಮತ್ತು ಗಿಡದ ಹೆಸರನ್ನು ಬರೆದಿಟ್ಟರೆ ಶಾಲಾ ಮಕ್ಕಳೂ ಈ ಕೆಲಸ ಮಾಡಬಲ್ಲರು. ಹೊರಬಂದ ಕಣಜವನ್ನೂ ಸತ್ತ ಹುಳುವಿನ ಅವಶೇಷವನ್ನೂ ಒಟ್ಟಿಗೆ ಕಾಪಾಡಬೇಕು. ಕೀಟಗಳ ಗುರುತನ್ನೇ ಕಾಯಕವಾಗಿಸಿಕೊಂಡ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲಿಯೇ ಇದೆ. ಬೆಟ್ಟದ ಕಣಜ ಅಲ್ಲಿಗೆ ತಲುಪುವಂತೆ ಮಾಡುವುದು ಪಂಚಾಯಿತಿ ಮತ್ತು ಕೃಷಿ ಇಲಾಖೆಗಳ ಹೊಣೆ. ಹೆಸರಿಲ್ಲದ ಜೀವಿ ಅಳಿದರೆ ಅದು ಅಳಿಯಿತೆಂಬ ಸುದ್ದಿಯೂ ಯಾರಿಗೂ ತಲುಪುವುದಿಲ್ಲ.