ತೆರೆದ ಕಿಟಕಿಯೂ ಕಾಣದ ಧೂಳೂ

ಬೆಂಗಳೂರು ನಗರವು ಬೆಳೆದಷ್ಟೂ ಮಾಗಡಿ ತಾಲ್ಲೂಕಿನ ಬಂಡೆಗಳು ಸವೆಯುತ್ತಿವೆ. ಇಲ್ಲಿಯ ಕ್ರಷರುಗಳು ಒಡೆಯುವ ಜಲ್ಲಿಯು ಪರಸ್ಥಳಗಳ ಸೌಧಗಳಿಗೆ ಸಲ್ಲುತ್ತದೆ. ಧೂಳು ಮಾತ್ರ ಸುತ್ತಣ ಹಳ್ಳಿಗರ ಪಾಲಿಗೆ ಉಳಿಯುತ್ತದೆ. ಬೆಳೆಯ ಮೇಲೆ ಕೂರುವ ಬಿಳಿಯ ಧೂಳು ಎಲ್ಲರಿಗೂ ಕಾಣುವಂಥದು. ಅದಕ್ಕಿಂತಲೂ ಅಪಾಯಕರವಾದುದು ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಿರಿದಾದ, ಶ್ವಾಸಕೋಶದ ಆಳವನ್ನು ಸೇರಿ ರಕ್ತಕ್ಕೂ ಇಳಿಯಬಲ್ಲ ಸೂಕ್ಷ್ಮ ಕಣ. ಇಂತಹ ಕಣಗಳು ಒಂದು ಘನ ಮೀಟರು ಗಾಳಿಯಲ್ಲಿ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಮನ್ನು ಮೀರಕೂಡದೆಂದು ಭಾರತ ಸರ್ಕಾರವು 2009ರಲ್ಲಿ ವಿಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿಯಾದರೋ ಕೇವಲ 5.

ಕಿಟಕಿಗಳನ್ನು ಮುಚ್ಚಿರೆಂದು ಉಪದೇಶಿಸುವುದು ಸುಲಭ. ಆದರೆ ನಮ್ಮ ಶಾಲೆಗಳೂ ಆಸ್ಪತ್ರೆಗಳೂ ತೆರೆದ ಕಿಟಕಿಯನ್ನೇ ನಂಬಿದ ಕಟ್ಟಡಗಳು. ಮಕ್ಕಳು ತುಂಬಿದ ಕೊಠಡಿಯನ್ನು ಮುಚ್ಚಿದರೆ ಸೆಕೆಯೂ ಉಸಿರಿನ ಕೆಟ್ಟ ಗಾಳಿಯೂ ಸೇರಿ, ಒಬ್ಬರ ರೋಗವು ಮತ್ತೊಬ್ಬರಿಗೆ ಹತ್ತುವುದು. ಒದ್ದೆ ಬಟ್ಟೆಯನ್ನೋ ಲಾವಂಚದ ತಟ್ಟಿಯನ್ನೋ ಕಟ್ಟಿದರೆ ದಪ್ಪ ಧೂಳು ನಿಂತೀತೇ ಹೊರತು ಸೂಕ್ಷ್ಮ ಕಣವು ನಿಲ್ಲದು. ಅದನ್ನು ತಡೆಯುವಷ್ಟು ಒತ್ತಾದ ಫಿಲ್ಟರನ್ನು ಕಿಟಕಿಗೆ ಬಿಗಿದರೆ ಬೀಸುವ ಗಾಳಿಯೇ ಒಳಗೆ ಬಾರದು.

ಉಳಿದ ಉಪಾಯವೆಂದರೆ, ಕೊಠಡಿಯೊಳಗಣ ಗಾಳಿಯನ್ನೇ ಫ್ಯಾನಿನ ಬಲದಿಂದ ಫಿಲ್ಟರಿನ ಮೂಲಕ ಪದೇ ಪದೇ ಸೋಸುವುದು. ನಾಲ್ಕು ಫಿಲ್ಟರುಗಳನ್ನು ಪೆಟ್ಟಿಗೆಯಂತೆ ಜೋಡಿಸಿ ಮೇಲೊಂದು ಫ್ಯಾನನ್ನು ಕೂರಿಸುವ ಅಗ್ಗದ ಸಾಧನವು 2020ರಲ್ಲಿ ಅಮೆರಿಕೆಯ ರಿಚರ್ಡ್ ಕಾರ್ಸಿ, ಜಿಮ್ ರೋಸೆಂಥಾಲ್ ಎಂಬವರಿಂದ ಬಳಕೆಗೆ ಬಂದಿತು. ಆದರೆ ಅದರ ಶಕ್ತಿಗೂ ಮಿತಿಯುಂಟು. ಗಂಟೆಗೆ ಹತ್ತು ಬಾರಿ ಹೊರಗಾಳಿಯು ತುಂಬುವ ಕೊಠಡಿಯಲ್ಲಿ ಯಂತ್ರವೂ ಹತ್ತು ಕೊಠಡಿಯಷ್ಟು ಗಾಳಿಯನ್ನು ಸೋಸಿದರೆ, ಹೊರಗಿನಿಂದ ಬಂದ ಧೂಳು ಅರ್ಧಕ್ಕಿಳಿದೀತು, ಅಷ್ಟೆ. ಗಣಿಯ ಕಡೆಯ ಕಿಟಕಿಗಳನ್ನು ಮುಚ್ಚಿ, ಉಳಿದವನ್ನು ಓರೆಮಾಡಿ, ಹೊರಗಾಳಿಯನ್ನು ಎರಡು ಬಾರಿಗೆ ಇಳಿಸಿದರೆ ಆರರಲ್ಲೊಂದು ಪಾಲು ಮಾತ್ರ ಉಳಿಯುವುದು. ಧೂಳು ಏಳುವ ಹೊತ್ತಿನಲ್ಲಿ ಹೀಗೆ ನಡೆದುಕೊಂಡು, ಉಳಿದ ಹೊತ್ತಿನಲ್ಲಿ ಕಿಟಕಿಗಳನ್ನು ಪೂರ್ಣವಾಗಿ ತೆರೆಯುವುದು ವಿಹಿತ.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರಿಗೆ ಉತ್ತರವುಂಟು. ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕೆಂದೇ 2015ರ ಶಾಸನದಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟಿವೆ. ಆ ನಿಧಿಯಿಂದ ಕ್ರಷರುಗಳ ಆಸುಪಾಸಿನ ಪ್ರತಿಯೊಂದು ಶಾಲೆಗೂ ಆರೋಗ್ಯ ಕೇಂದ್ರಕ್ಕೂ ಈ ಸಾಧನವನ್ನೂ, ಧೂಳನ್ನು ಅಳೆಯುವ ಯಂತ್ರವನ್ನೂ ಒದಗಿಸತಕ್ಕದ್ದು; ಅಳತೆಯ ಅಂಕಿಗಳನ್ನು ಪ್ರತಿದಿನವೂ ಊರಿನವರೆಲ್ಲ ಓದುವಂತೆ ಪ್ರಕಟಿಸತಕ್ಕದ್ದು.

ಆದರೂ ಇದು ಕೊಡೆಯೇ ಹೊರತು ಮಳೆಯನ್ನು ನಿಲ್ಲಿಸುವ ಉಪಾಯವಲ್ಲ. ಯಂತ್ರಗಳಿಗೆ ಮುಚ್ಚಿಗೆ, ಜಲ್ಲಿಗೆ ನೀರಿನ ಸಿಂಪಡಣೆ, ಲಾರಿಗಳಿಗೆ ಟಾರ್ಪಾಲು, ಇವು ಮಾಲೀಕರ ಕರ್ತವ್ಯಗಳು. ಕ್ರಷರುಗಳ ನಿಯಂತ್ರಣಕ್ಕೆ 2011ರ ರಾಜ್ಯ ಶಾಸನವು ಇದ್ದೇ ಇದೆ. ಅಧಿಕಾರಿವರ್ಗದವರು ಅದನ್ನು ದಾಕ್ಷಿಣ್ಯವಿಲ್ಲದೆ ಜಾರಿಗೆ ತರುವರೆಂದೂ, ಧೂಳೆಬ್ಬಿಸುವವರ ಹೊಣೆಯನ್ನು ಉಸಿರಾಡುವ ಮಕ್ಕಳ ಮೇಲೆ ಹೊರಿಸರೆಂದೂ ನಂಬುತ್ತೇವೆ.