ಎರಡು ಹೆಸರಿನ ಜನ

ಹಾಲಿನ ಪುಡಿಗೆ ಜಾತಿ ಕೆಟ್ಟವರು ಅಂತ ನಮ್ಮನ್ನು ಕರೆದವರು ಬಹಳ ಮಂದಿ. ಊರ ಗೌಡರು ಕರೆದರು, ಸಾಲಿ ಮಾಸ್ತರರು ಕರೆದರು, ಧರ್ಮರಕ್ಷಣೆ ಅಂತ ಶಲ್ಯ ಹೊದ್ದು ಜೀಪಿನಲ್ಲಿ ಬಂದವರು ಕರೆದರು. ಅವರಿಗೆ ಉತ್ತರ ಕೊಡುವುದು ನಮಗೆ ಗೊತ್ತಿದೆ. ಕೆಡುವುದಕ್ಕೆ ನಮಗೆ ಎಂಥ ಜಾತಿ ಕೊಟ್ಟಿದ್ದಿರಿ ಸ್ವಾಮಿ ಅಂತ ಒಂದು ಮಾತು ಕೇಳಿದರೆ ಸಾಕು. ಆದರೆ ನಮ್ಮ ಜೊತೆ ಒಂದೇ ಜಮಖಾನದ ಮೇಲೆ ಕೂತು ಹೋರಾಟದ ಹಾಡು ಹೇಳುವ ಗೆಳೆಯರೂ ಈಗೀಗ ಅದೇ ಮಾತನ್ನು ಪುಸ್ತಕದ ಭಾಷೆಯಲ್ಲಿ ಆಡತೊಡಗಿದ್ದಾರೆ. ನಿಮ್ಮ ಕೇರಿಯವರು ಜುಟ್ಟಿನ ಪುರೋಹಿತನಿಂದ ತಪ್ಪಿಸಿಕೊಂಡು ನಿಲುವಂಗಿಯ ಪುರೋಹಿತನ ಕೈಗೆ ಬಿದ್ದರು, ಅಫೀಮು ಯಾವ ಅಂಗಡಿಯದಾದರೂ ಅಫೀಮೇ ಅಂತಾರೆ. ಈ ಬರಹ ಮೊದಲು ಅವರಿಗೆ. ಆಮೇಲೆ ನಮ್ಮ ಸಭೆಯ ಹಿರಿಯರಿಗೂ ಎರಡು ಮಾತು ಇದೆ. ಅದು ಇನ್ನೂ ಖಾರವಾದೀತು.

ನಾವು ಬೀದರ ಕಡೆಯ ಮಾದಿಗರು. ನಿಜಾಮನ ಆಳ್ವಿಕೆ ಇದ್ದಾಗಲೇ ನಮ್ಮ ಹಳ್ಳಿಗಳಿಗೆ ಮೆಥಡಿಸ್ಟ್ ಮಿಶನ್ನಿನವರು ಬಂದರು. ಒಬ್ಬ ಮನುಷ್ಯನ ಆತ್ಮಕ್ಕೆ ಬೆಳಕು ಬಿತ್ತು, ಅವನೊಬ್ಬನೇ ಎದ್ದು ಹೋದ ಅನ್ನುವ ಕಥೆ ನಮ್ಮದಲ್ಲ. ಇಲ್ಲಿ ಕೇರಿಗೆ ಕೇರಿಯೇ ಎದ್ದು ಹೋಯಿತು. ನಮ್ಮ ಮುತ್ಯಾಂದಿರು ಬೇವಿನ ಕಟ್ಟೆಯ ಮೇಲೆ ಕೂತು, ಹೋಗೋಣೋ ಬ್ಯಾಡೋ ಅಂತ ರಾತ್ರಿಯೆಲ್ಲಾ ಜಗಳಾಡಿದರಂತೆ. ಸತ್ತ ದನ ಹೊರುವುದು ತಪ್ಪುತ್ತದೋ ಇಲ್ಲವೋ, ಸುಗ್ಗಿಯಲ್ಲಿ ಕಣದಿಂದ ಸಿಗುವ ಜೋಳ ನಿಂತು ಹೋದರೆ ಮಕ್ಕಳಿಗೆ ಏನು ಹಾಕುವುದು, ಗೌಡ ಬಾವಿಯ ದಾರಿಗೆ ಮುಳ್ಳು ಬಡಿದರೆ ಎಲ್ಲಿಗೆ ಹೋಗುವುದು, ಇವೇ ಪ್ರಶ್ನೆಗಳು. ಆತ್ಮದ ಪ್ರಶ್ನೆ ಇರಲಿಲ್ಲವೇ? ಇತ್ತು. ನಮ್ಮವರಿಗೆ ಅದು ಇವುಗಳಿಂದ ಬೇರೆಯಾಗಿ ಇರಲಿಲ್ಲ, ಅಷ್ಟೇ.

ಅವರಿಗೆ ಅಲ್ಲಿ ಸಿಕ್ಕಿದ್ದೇನು? ನಮ್ಮ ಗೆಳೆಯರು ದಯವಿಟ್ಟು ಇದನ್ನು ನಿಧಾನವಾಗಿ ಓದಬೇಕು.

ಮೊದಲು ಹೆಸರು ಸಿಕ್ಕಿತು. ಗೌಡನ ಬಾಯಲ್ಲಿ ನಮ್ಮ ಹೆಸರೆಲ್ಲಾ 'ಯಾ'ದಲ್ಲೇ ಮುಗಿಯುತ್ತಿದ್ದವು. ಮಾರ್ಯಾ, ಸಿದ್ಯಾ, ತುಳಜ್ಯಾ. ಎಪ್ಪತ್ತು ವರ್ಷದ ಮುದುಕನನ್ನು ಗೌಡರ ಮನೆಯ ಏಳು ವರ್ಷದ ಹುಡುಗ 'ಏ ಸಿದ್ಯಾ, ಬಾ ಇಲ್ಲಿ' ಅಂತ ಕರೆಯುತ್ತಿದ್ದ. ಸಭೆಯ ದಫ್ತರದಲ್ಲಿ ಅದೇ ಮುದುಕನ ಹೆಸರನ್ನು ಪೂರ್ತಿ ಬರೆದರು. ತಂದೆಯ ಹೆಸರು, ಹೆಂಡತಿಯ ಹೆಸರು, ಮಕ್ಕಳ ಹೆಸರು ಬರೆದರು. ಕಂದಾಯದ ಪುಸ್ತಕದಲ್ಲಿ ಹೆಸರಿರಬೇಕಾದರೆ ಹೊಲ ಇರಬೇಕು. ನಮಗೆ ಹೊಲ ಎಲ್ಲಿತ್ತು? ಕಾಗದದ ಮೇಲೆ ನಮ್ಮವರು ಮನುಷ್ಯರಾಗಿ ಕಾಣಿಸಿಕೊಂಡದ್ದು ಆ ದಫ್ತರದಲ್ಲಿ.

ಆಮೇಲೆ ಕೂರುವ ಜಾಗ ಸಿಕ್ಕಿತು. ಮಣ್ಣಿನ ಮಾಳಿಗೆಯ ಒಂದೇ ಅಂಕಣದ ಮನೆ ಅದು. ಒಳಗೆ ಹೋಗಿ ಕೂತರೆ ಏಳು ಅನ್ನುವವರು ಯಾರೂ ಇಲ್ಲ. ಗುಡಿಯ ಹೊರಗೆ ನಿಂತು, ಪೂಜಾರಿ ಮೇಲಿನಿಂದ ಎಸೆದ ಕಾಯಿಚೂರಿಗೆ ಉಡಿ ಒಡ್ಡಿದವರಿಗೆ ಒಳಗೆ ಕೂರುವುದು ಅಂದರೆ ಏನು ಅಂತ, ಒಳಗೇ ಹುಟ್ಟಿದವರಿಗೆ ತಿಳಿಯುವುದು ಕಷ್ಟ. ಅಲ್ಲೇ ಕಂದೀಲಿನ ಬೆಳಕಿನಲ್ಲಿ ಅಕ್ಷರ ಕಲಿಸಿದರು. ನಮ್ಮ ಕೇರಿಯ ಮೊದಲ ಪುಸ್ತಕ ಬೈಬಲ್ಲು. ಅದು ಯಾವ ಧರ್ಮದ ಪುಸ್ತಕ ಅನ್ನುವುದು ಆಮೇಲಿನ ಮಾತು. ಪುಸ್ತಕವನ್ನು ಕೈಯಲ್ಲಿ ಹಿಡಿಯಬಹುದು ಅನ್ನುವುದೇ ಅವತ್ತಿನ ಸುದ್ದಿ.

ಇನ್ನೊಂದು ಸಿಕ್ಕಿತು. ಅದನ್ನು ಹೇಳಿದರೆ ನಮ್ಮ ವಿಚಾರವಾದಿ ಗೆಳೆಯರು ನಗುತ್ತಾರೆ. ನಗಲಿ. ನಮ್ಮ ಕೇರಿಯ ಆಯಿ ಒಬ್ಬಳಿಗೆ ಒಂದೇ ಮಳೆಗಾಲದಲ್ಲಿ ಎರಡು ಕೂಸು ಹೋದವು. ದೇವಿಯ ಸಿಟ್ಟು, ನಿನ್ನ ಕರ್ಮ ಅಂತ ಊರಿನವರು ಹೇಳಿ ಮುಗಿಸಿದರು. ಸುವಾರ್ತೆ ಹೇಳಿಕೊಂಡು ತಿರುಗುತ್ತಿದ್ದ ಒಬ್ಬ ಹೆಂಗಸು ಬಂದು, ಅವಳ ಗುಡಿಸಲಿನಲ್ಲಿ ಎರಡು ರಾತ್ರಿ ಕೂತಳು. ನಿನ್ನ ತಪ್ಪಲ್ಲ ತಂಗಿ ಅಂದಳು. ಹೆಚ್ಚಿಗೆ ಏನನ್ನೂ ಹೇಳಲಿಲ್ಲವಂತೆ. ಹಾಲಿನ ಪುಡಿಯ ಮಾತು ತೆಗೆದರೆ ಆ ಆಯಿ ಇವತ್ತಿಗೂ ಅಂತಾಳೆ: 'ಹಾಲಿನ ಪುಡಿ ಬಂದಿದ್ದು ಖರೇ ಅದ ತಮ್ಮಾ. ಅದು ಮುಗದು ಎಷ್ಟು ವರ್ಷ ಆದ್ವು? ನಾ ಇನ್ನಾ ಹೋಗ್ಲಕತ್ತೀನಲ್ಲ, ಅದಕ್ಕೇನಂತಿ?'

ಇದಕ್ಕೆ ಉತ್ತರ ಹೇಳಿ ಗೆಳೆಯರೇ. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಬಾಗಿಲಿಗೆ ಬಾಬಾಸಾಹೇಬರು ಜನ ಕರೆದುಕೊಂಡು ಹೋದದ್ದನ್ನು ಹೋರಾಟ ಅಂತೀರಿ. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಅಂದದ್ದನ್ನು ಕ್ರಾಂತಿ ಅಂತೀರಿ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನ ಬೌದ್ಧರಾದದ್ದನ್ನು ಹಬ್ಬ ಮಾಡುತ್ತೀರಿ. ನಾವೂ ಮಾಡುತ್ತೇವೆ. ಹಾಗಾದರೆ ಅವಕ್ಕೂ ಮೊದಲೇ, ಭಾಷಣ ಇಲ್ಲದೆ, ಪತ್ರಿಕೆ ಇಲ್ಲದೆ, ಅಕ್ಷರವೂ ಇಲ್ಲದೆ ಬೇರೆ ಬಾಗಿಲಿನಿಂದ ಎದ್ದು ಹೋದ ಮಾದಿಗರು ಮಾತ್ರ ಹೇಗೆ ಮೋಸಹೋದ ದಡ್ಡರಾದರು? ಮನುಷ್ಯನಿಗೆ ಧರ್ಮ ಬೇಕು ಅಂತ ಕೊನೆಯವರೆಗೂ ನಂಬಿದ್ದವರು ಬಾಬಾಸಾಹೇಬರೇ. ಅವರು ನಮ್ಮನ್ನೂ ಬಿಡಲಿಲ್ಲ. ಕ್ರೈಸ್ತರಾದರೂ ಜಾತಿ ಹೋಗಿಲ್ಲ ಅಂತ ಕಟುವಾಗಿ ಬರೆದಿಟ್ಟಿದ್ದಾರೆ. ಆ ಏಟನ್ನು ನಾವು ಒಪ್ಪಿಕೊಳ್ಳುತ್ತೇವೆ. ನಮ್ಮ ಕೇರಿಗೆ ಒಮ್ಮೆಯೂ ಬಂದು ನೀರು ಕುಡಿಯದವರ ನಗೆಯನ್ನಲ್ಲ.

ಇನ್ನು ಸರ್ಕಾರದ ವಿಷಯ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶ ಹೊರಬಿತ್ತು. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅನ್ನುತ್ತದೆ ಅದರ ಮೂರನೆಯ ಪ್ಯಾರಾ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆಗೆದರು. ಕ್ರೈಸ್ತರಿಗೂ ಮುಸಲ್ಮಾನರಿಗೂ ತೆಗೆಯಲಿಲ್ಲ. ಗೌಡನ ಆಳು ಕೇರಿಗೆ ಬಂದು ಬಡಿಗೆ ಎತ್ತಿದಾಗ ನೀನು ಯಾವ ಸಭೆಯವನು ಅಂತ ಕೇಳುವುದಿಲ್ಲ. ಕೇಳುವವರು ಠಾಣೆಯಲ್ಲಿದ್ದಾರೆ. ಕ್ರೈಸ್ತ ಅಂತ ಬರೆಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ನಿನಗಿಲ್ಲ.

ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನುವ ನಮ್ಮ ಕಸುಬಿನ ಮನುಷ್ಯ, ಪರಿಶಿಷ್ಟರಿಗೆ ಕೊಡುವ ಪೆಟ್ಟಿಗೆ ಅಂಗಡಿ ತನಗೂ ಬೇಕು ಅಂತ ಸುಪ್ರೀಂ ಕೋರ್ಟಿನವರೆಗೆ ಹೋದ. ಕ್ರೈಸ್ತನಾದ ಮೇಲೂ ಅಷ್ಟೇ ಕಷ್ಟ ಉಳಿದಿದೆ ಅನ್ನುವುದಕ್ಕೆ ಆಧಾರ ಸಾಲದು ಅಂತ 1985ರಲ್ಲಿ ಕೋರ್ಟು ಅರ್ಜಿ ತಳ್ಳಿಹಾಕಿತು. ಕೈಯಲ್ಲಿ ಅದೇ ಅರಿಗತ್ತಿ, ಕಾಲಡಿಯಲ್ಲಿ ಅದೇ ಬೀದಿ. ಇದಕ್ಕಿಂತ ಆಧಾರ ಎಲ್ಲಿಂದ ತರಬೇಕಿತ್ತೋ! ಪರಿಶಿಷ್ಟ ಸ್ಥಾನವನ್ನು ಧರ್ಮಕ್ಕೆ ಗಂಟು ಹಾಕಬೇಡಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2022ರಲ್ಲಿ ಅದೇ ಪ್ರಶ್ನೆಗೆ ಬಾಲಕೃಷ್ಣನ್ ಆಯೋಗ ಮಾಡಿದರು. ನಮ್ಮ ವಿಷಯ ಬಂದಾಗಲೆಲ್ಲಾ ಒಂದು ಆಯೋಗ ಹುಟ್ಟುತ್ತದೆ.

ಹಾಗಾಗಿ ನಮಗೆ ಎರಡು ಹೆಸರು. ಸಭೆಯ ದಫ್ತರದಲ್ಲಿ ಒಂದು, ತಹಸೀಲ್ ಕಚೇರಿಯಲ್ಲಿ ಇನ್ನೊಂದು. ಭಾನುವಾರ ಪ್ರಭು ಭೋಜನ ತೆಗೆದುಕೊಂಡ ಹುಡುಗ ಸೋಮವಾರ 'ಹಿಂದೂ ಮಾದಿಗ' ಅಂತ ಬರೆದು ಹಾಸ್ಟೆಲಿಗೆ ಅರ್ಜಿ ಹಾಕುತ್ತಾನೆ. ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿಯೇ ಇದ್ದುಕೊಂಡು ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಂಚನೆ! ದೇವರನ್ನು ಇಟ್ಟುಕೊಂಡರೆ ಹಾಸ್ಟೆಲಿಲ್ಲ, ಹಾಸ್ಟೆಲ್ ಇಟ್ಟುಕೊಂಡರೆ ದೇವರಿಲ್ಲ ಅಂತ ಹದಿನಾರು ವರ್ಷದ ಹುಡುಗನನ್ನು ಕಟಕಟೆಗೆ ನಿಲ್ಲಿಸಿದ್ದು ಯಾರ ವಂಚನೆ? 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ 'ಮಾದಿಗ ಕ್ರಿಶ್ಚಿಯನ್' ಥರದ ಹೆಸರುಗಳು ಕಾಣಿಸಿಕೊಂಡವು. ಇದ್ದದ್ದು ಇದ್ದ ಹಾಗೆ, ಎರಡನ್ನೂ ಒಟ್ಟಿಗೆ ಹೇಳುವ ಒಂದು ಅವಕಾಶ. ಎಷ್ಟು ಗದ್ದಲ! ಹಿಂದೂ ಜಾತಿಯ ಮುಂದೆ ಕ್ರಿಶ್ಚಿಯನ್ ಅಂತ ಹೇಗೆ ಬರೆದಿರಿ ಅಂತ ದೊಡ್ಡವರೆಲ್ಲಾ ಕೂಗಾಡಿದ ಮೇಲೆ ಆಯೋಗ ಆ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಬೇಕಾದವರು ತಾವಾಗಿ ಹೇಳಿ ಬರೆಸಬಹುದು ಅಂದರು. ಬಚ್ಚಿಟ್ಟು ಬದುಕಿ ಅಭ್ಯಾಸವಾದ ಜನಕ್ಕೆ!

ಈಗ ಸಭೆಯ ಹಿರಿಯರ ಕಡೆಗೆ ತಿರುಗುತ್ತೇವೆ.

ಸ್ವಾಮಿ, ನೀವು ದೆಹಲಿಗೆ ಹೋದಾಗ, ಸಭೆಯೊಳಗೂ ಜಾತಿ ಇದೆ, ನಮ್ಮ ದಲಿತರಿಗೆ ಮೀಸಲಾತಿ ಕೊಡಿ ಅಂತೀರಿ. ಊರಿಗೆ ಬಂದು ವೇದಿಕೆ ಹತ್ತಿದರೆ, ಕ್ರಿಸ್ತನಲ್ಲಿ ಮೇಲಿಲ್ಲ ಕೀಳಿಲ್ಲ ಅಂತೀರಿ. ಆಗಸ್ಟ್ 10ಕ್ಕೆ ಕರಾಳ ದಿನ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಟುತ್ತೀರಿ. ಆಗಸ್ಟ್ 11ಕ್ಕೆ ಮಗನಿಗೆ ಹೆಣ್ಣು ನೋಡಲು ಹೋಗುವಾಗ ಕುಲ ವಿಚಾರಿಸುತ್ತೀರಿ. ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮಣ, ಚಾರೊಡಿ, ಸುದಿರ್ ಅನ್ನುವ ಮಾತು ಗೋವಾ ಬಿಟ್ಟು ಬಂದು ಶತಮಾನಗಳಾದರೂ ಮದುವೆಯ ಹೊತ್ತಿಗೆ ನೆನಪಾಗುತ್ತದೆ. ತಮಿಳುನಾಡಿನ ಎರೈಯೂರಿನಲ್ಲಿ ದಲಿತ ಕ್ಯಾಥೊಲಿಕರು ತಮಗೆ ಬೇರೆ ಸಭೆಯನ್ನಾದರೂ ಕೊಡಿ ಅಂದದ್ದಕ್ಕೆ 2008ರಲ್ಲಿ ಹೊಡೆದಾಟವಾಗಿ, ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಬಡಿದಾಡಿದ ಎರಡೂ ಕಡೆಯವರು ಒಂದೇ ಮಾತೆಗೆ ಮೇಣದಬತ್ತಿ ಹಚ್ಚುವವರು. ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 2016ರಲ್ಲಿ ಹೊರತಂದ ನೀತಿಪತ್ರದಲ್ಲಿ ಸಭೆಯೊಳಗಿನ ಅಸ್ಪೃಶ್ಯತೆಯನ್ನು ಒಪ್ಪಿಕೊಂಡಿದೆ. 2022ರಲ್ಲಿ ಹೈದರಾಬಾದಿನ ಆಂಥೋನಿ ಪೂಲಾ ಅವರು ಮೊದಲ ದಲಿತ ಕಾರ್ಡಿನಲ್ ಆದರು. ಸಂತೋಷವೇ. ನಮ್ಮ ತಕರಾರು ಕಾರ್ಡಿನಲ್ಲಿನ ಟೋಪಿಯ ಬಗ್ಗೆ ಅಲ್ಲ.

ನಾವು ಮೆಥಡಿಸ್ಟರು, ಎಲ್ಲಾ ಮಾದಿಗರೇ, ನಮ್ಮಲ್ಲಿ ಎಲ್ಲಿದೆ ಜಾತಿ ಅಂತ ನಮ್ಮವರು ಎದೆ ತಟ್ಟಬೇಡಿ. ನಮ್ಮಲ್ಲಿ ಪಟ್ಟಣದ ಸಭೆ ಬೇರೆ, ಹಳ್ಳಿಯ ಸಭೆ ಬೇರೆ. ಮಿಶನ್ನಿನ ಶಾಲೆಯಲ್ಲಿ ಓದಿ ಮೊದಲು ನೌಕರಿ ಹಿಡಿದ ನಾಲ್ಕಾರು ಮನೆತನಗಳು ಕಮಿಟಿಯಲ್ಲಿ ಕೂತವು, ಏಳಲಿಲ್ಲ. ನಮ್ಮ ತಾಲೂಕಿನ ಒಂದು ಶಾಲೆಯ ಗೋಡೆಯನ್ನು ನಮ್ಮ ಮುತ್ಯಾಂದಿರು ಕಲ್ಲು ಹೊತ್ತು ಕಟ್ಟಿದರು, ಕೂಲಿ ತಗೊಳ್ಳದೆ. ಇವತ್ತು ಅಲ್ಲಿ ಇಂಗ್ಲಿಷ್ ಮೀಡಿಯಂ. ಆ ಕಲ್ಲು ಹೊತ್ತವರ ಮರಿಮಕ್ಕಳು ಫೀಜು ಕಟ್ಟಲಾಗದೆ ಗೇಟಿನ ಹೊರಗೆ ನಿಂತರೆ, ಒಳಗೆ ಗೌಡರ ಮೊಮ್ಮಕ್ಕಳು ಯೇಸುವಿನ ಹಾಡು ಹೇಳುತ್ತಿದ್ದಾರೆ. ದೇವರು ಕೊಡ್ತಾನೆ, ಪ್ರಾರ್ಥನೆ ಮಾಡಿ ಅಂತ ಕಮಿಟಿಯವರು ಹೇಳಿ ಕಳಿಸಿದರು. ಹತ್ತಿರದವರು ಹೊಡೆದ ಏಟು ಇದು. ಗೌಡ ಹೀಗೆ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಹಲಗೆಯ ವಿಷಯವನ್ನೂ ಹೇಳಿಬಿಡಬೇಕು. ದೀಕ್ಷಾಸ್ನಾನದ ಜೊತೆಗೆ ನಮ್ಮವರ ಕೈಯಿಂದ ಹಲಗೆ ಕೆಳಗಿಳಿಸಿದರು. ಊರ ಹಬ್ಬದಲ್ಲಿ, ಹೆಣದ ಮುಂದೆ ಬಡಿದು ಭಿಕ್ಷೆಯಂತೆ ಕಾಳು ಪಡೆಯುವ ವಾದ್ಯ ಅದು. ಬಿಟ್ಟದ್ದು ಒಳ್ಳೆಯದೇ ಅಂತ ಮುತ್ಯಾಂದಿರು ಅಂದುಕೊಂಡರು. ಬಿಟ್ಟಿ ಚಾಕರಿ ಬಿಟ್ಟದ್ದು ಸರಿ. ಆದರೆ ಚರ್ಮ ಏನು ತಪ್ಪು ಮಾಡಿತ್ತು? ಅದರ ಜಾಗಕ್ಕೆ ಹಾರ್ಮೋನಿಯಂ ಬಂತು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು, ದಲಿತರ ನೋವಿನಿಂದಲೇ ದೇವರ ಮಾತು ಶುರುವಾಗಬೇಕು ಅಂದರು. ಆಮೇಲೆ ಮದುರೆಯ ಸೆಮಿನರಿಯಲ್ಲಿ ಥಿಯೋಫಿಲಸ್ ಅಪ್ಪಾವು ಅವರು ಜನಪದ ಧಾಟಿಗಳನ್ನು ಆರಾಧನೆಗೆ ತಂದರು. ನಮ್ಮ ಕಮಿಟಿಯವರಿಗೆ ಮಾತ್ರ ಇನ್ನೂ ಹಲಗೆ ಅಂದರೆ ನಾಚಿಕೆ. ಹೋದ ವರ್ಷ ಕ್ರಿಸ್ಮಸ್ಸಿಗೆ ನಮ್ಮ ಹುಡುಗರು ಎರಡು ಹಲಗೆ ತಂದರೆ, ಪಟ್ಟಣದವರು ಏನಂದುಕೊಂಡಾರು ಅಂತ ಹೊರಗೆ ಇಡಿಸಿದರು. ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬಕ್ಕೆ ದನದ ಚರ್ಮ ಮೈಲಿಗೆಯಾಯಿತು.

ಬಿಟ್ಟು ಹೋಗ್ರಿ ಹಾಗಾದ್ರೆ, ಯಾಕ ಇದ್ದೀರಿ ಅಂತ ಗೆಳೆಯರು ಕೇಳಬಹುದು. ಕಮಿಟಿಯವರೂ ಅದನ್ನೇ ಕೇಳಲು ಕಾಯುತ್ತಿದ್ದಾರೆ. ನಾವು ಹೋಗುವುದಿಲ್ಲ. ಆ ಮಾಳಿಗೆಯ ಮಣ್ಣು ತುಳಿದವರು ನಮ್ಮವರು. ಎರಡು ರಾತ್ರಿ ಕೂತು ಹೋದ ಆ ಹೆಂಗಸು ಬಂದದ್ದು ಕಮಿಟಿಯವರು ಕಳಿಸಿದ್ದಕ್ಕಲ್ಲ, ಕೂಸು ಸತ್ತ ಸುದ್ದಿ ಕೇಳಿ.

ಬರುವ ಆಗಸ್ಟ್ 10ಕ್ಕೆ ಕಪ್ಪು ಪಟ್ಟಿ ಹಂಚಲು ನಮ್ಮ ಕೇರಿಗೆ ಬರುವ ಹಿರಿಯರು, ಶಾಲೆಗೆ ಸೇರಿಸಿಕೊಂಡ ಮಕ್ಕಳ ಪಟ್ಟಿಯನ್ನೂ ಮಿಶನ್ ಜಮೀನಿನ ಬಾಡಿಗೆ ಲೆಕ್ಕದ ಪುಸ್ತಕವನ್ನೂ ಜೊತೆಗೆ ತರಬೇಕು. ಬೇವಿನ ಕಟ್ಟೆಯ ಮೇಲೆ ಎಲ್ಲರೆದುರು ಓದೋಣ. ಹಲಗೆಯೂ ಅಲ್ಲೇ ಇರುತ್ತದೆ. ಆಯಿ ಮುಂದೆ ಕೂತಿರುತ್ತಾಳೆ. ಅವಳಿಗೆ ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಓದಬೇಕಾಗುತ್ತದೆ.